ಕೆಡವಿದ ಕಟ್ಟಡದ ಅಂಗಳಕ್ಕೇ ಬಂದ ಕ್ರಷರ್

ಕಟ್ಟಡವನ್ನು ಕೆಡವಿದಾಗ ಉಳಿಯುವ ಕಾಂಕ್ರೀಟ್ ತುಂಡು, ಇಟ್ಟಿಗೆ ಚೂರು, ಗಾರೆ, ಹೆಂಚು, ಕಲ್ಲುಗಳ ರಾಶಿ ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ಆದ್ದರಿಂದಲೇ ಕಟ್ಟಡ ತ್ಯಾಜ್ಯದ ಮರುಬಳಕೆಯಲ್ಲಿ ಒಡೆಯುವ ಖರ್ಚಿಗಿಂತ ಸಾಗಿಸುವ ಖರ್ಚೇ ಅನೇಕ ಸಲ ನಿರ್ಣಾಯಕವಾಗುತ್ತದೆ. ತ್ಯಾಜ್ಯವನ್ನು ಟಿಪ್ಪರ್‌ಗಳಲ್ಲಿ ಊರಾಚೆಗೆ ಕಳಿಸಿ, ಅದೇ ಟಿಪ್ಪರ್‌ಗಳಲ್ಲಿ ಹೊಸ ಜಲ್ಲಿ ತರಿಸಿಕೊಳ್ಳುವವನು ಎರಡು ಸಲ ಬಾಡಿಗೆ ತೆರುತ್ತಾನೆ. ಕಲ್ಲು ಒಡೆಯುವ ಯಂತ್ರ ಕ್ವಾರಿಯ ಬದಿಯನ್ನು ಬಿಟ್ಟು, ಉಕ್ಕಿನ ಪಟ್ಟಿಯ ಮೇಲೆ ಚಲಿಸಲು ಕಲಿತು, ಕೊನೆಗೆ ಕರ್ನಾಟಕದ ಕಾಮಗಾರಿಗಳಲ್ಲಿ ಹಿಟಾಚಿ ಎಂದೇ ಪರಿಚಿತವಾದ ಎಕ್ಸ್‌ಕವೇಟರಿನ ತೋಳಿಗೆ ಬಕೆಟ್ಟಿನ ರೂಪದಲ್ಲಿ ಸೇರಿದ ಒಂದೂವರೆ ಶತಮಾನದ ಬೆಳವಣಿಗೆಯನ್ನು ಈ ಲೆಕ್ಕವೇ ಮುನ್ನಡೆಸಿದೆ.

ಸುಟ್ಟ ಮಣ್ಣನ್ನು ಪುಡಿಮಾಡಿ ಕಟ್ಟಡಕ್ಕೆ ಬಳಸುವ ಪದ್ಧತಿ ಯಂತ್ರಯುಗಕ್ಕಿಂತ ಬಹಳ ಹಳೆಯದು. ಆ ಪುಡಿ ಸುಣ್ಣದೊಡನೆ ಬೆರೆತು ನೀರಿನಲ್ಲೂ ಗಟ್ಟಿಯಾಗುವ ಸುರ್ಕಿ ಗಾರೆಯನ್ನು ಕೃಷ್ಣರಾಜಸಾಗರ ಅಣೆಕಟ್ಟಿನಂಥ ಬೃಹತ್ ನಿರ್ಮಾಣವೂ ನೆಚ್ಚಿಕೊಂಡಿತ್ತು. ಗಟ್ಟಿ ಕಲ್ಲನ್ನು ಒಡೆಯುವ ಕೆಲಸ ಮಾತ್ರ ಬಹುಕಾಲ ಸುತ್ತಿಗೆಯದೇ ಆಗಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ಜಲ್ಲಿ ರಸ್ತೆಯೊಂದರ ಮೇಲ್ವಿಚಾರಣೆ ವಹಿಸಿಕೊಂಡಿದ್ದ ಎಲಿ ವಿಟ್ನಿ ಬ್ಲೇಕ್, ಕೈಯಿಂದ ಜಲ್ಲಿ ಒಡೆಸುವುದರ ನಿಧಾನವನ್ನು ಕಂಡು ರೂಪಿಸಿದ ದವಡೆ ಕ್ರಷರಿಗೆ 1858ರಲ್ಲಿ ಪೇಟೆಂಟ್ ಪಡೆದನು. ಒಂದು ಸ್ಥಿರ ದವಡೆ, ಅದರತ್ತ ಬಂದು ಹಿಂದೆ ಸರಿಯುವ ಇನ್ನೊಂದು ದವಡೆ, ಎರಡರ ನಡುವೆ ಕೆಳಕ್ಕೆ ಕಿರಿದಾಗುತ್ತ ಹೋಗುವ ಸಂದು, ಇಷ್ಟೇ ಅದರ ತತ್ತ್ವ. ಕಲ್ಲು ಒತ್ತಡಕ್ಕೆ ಸಿಕ್ಕಿ ಒಡೆದಂತೆಲ್ಲ ಕೆಳಗಿಳಿದು, ಸಂದಿನ ತುದಿಗಿಂತ ಚಿಕ್ಕದಾದಾಗ ಹೊರಬೀಳುತ್ತದೆ. ಇಂದಿನ ಕ್ರಷರ್ ಬಕೆಟ್ಟಿನ ಒಳಗಿರುವುದೂ ಇದೇ ತತ್ತ್ವ.

ಕಟ್ಟಡ ತ್ಯಾಜ್ಯವೇ ಕಚ್ಚಾವಸ್ತುವಾಗಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರದ ಜರ್ಮನಿಯಲ್ಲಿ. ಬಾಂಬ್ ದಾಳಿಗೆ ಕುಸಿದ ನಗರಗಳಲ್ಲಿ ಬಿದ್ದಿದ್ದ ಅವಶೇಷ ಸುಮಾರು 40 ಕೋಟಿ ಘನ ಮೀಟರ್ ಎಂಬ ಅಂದಾಜಿದೆ. ಹೆಂಗಸರು ಸಾಲಾಗಿ ನಿಂತು ಇಟ್ಟಿಗೆಗೆ ಅಂಟಿದ ಗಾರೆಯನ್ನು ಕೆತ್ತಿ ತೆಗೆದು, ಇಡಿಯಾಗಿ ಉಳಿದ ಇಟ್ಟಿಗೆಗಳನ್ನು ಪೇರಿಸಿಟ್ಟರು. ಒಡೆದವನ್ನು ಪುಡಿಮಾಡಿ ಕಾಂಕ್ರೀಟಿಗೆ ಬೆರೆಸಲಾಯಿತು. ಫ್ರಾಂಕ್‌ಫರ್ಟ್ ನಗರ 1945ರಲ್ಲಿಯೇ ಅವಶೇಷಗಳ ಬಳಕೆಗೆ ಪ್ರತ್ಯೇಕ ಸಂಸ್ಥೆ ಕಟ್ಟಿತು, 1951ರಲ್ಲಿ ಇಟ್ಟಿಗೆ ಚೂರಿನ ಕಾಂಕ್ರೀಟಿಗೆ ಜರ್ಮನ್ ಮಾನಕ ರೂಪುಗೊಂಡಿತು. ತ್ಯಾಜ್ಯದಿಂದ ಬಂದ ವಸ್ತುವನ್ನೂ ಅಳೆದು, ಪರೀಕ್ಷಿಸಿ, ಎಲ್ಲಿಗೆ ಸಲ್ಲುತ್ತದೆ, ಎಲ್ಲಿಗೆ ಸಲ್ಲದು ಎಂದು ಬರೆದಿಡುವ ಶಿಸ್ತು ಹೀಗೆ ಮೊದಲಾದದ್ದು ಈ ಕ್ಷೇತ್ರದ ಪಾಲಿಗೆ ಯಾವ ಯಂತ್ರಕ್ಕಿಂತಲೂ ದೊಡ್ಡ ಗಳಿಕೆ. ಪುನರ್ನಿರ್ಮಾಣ ಮುಗಿದು ಹೊಸ ಜಲ್ಲಿ ಅಗ್ಗವಾಗಿ ಸಿಗತೊಡಗಿದಾಗ ಆ ಉತ್ಸಾಹ ಇಳಿಯಿತು.

ಮುಂದಿನ ತಿರುವು ಬಂದದ್ದು ಹೈಡ್ರಾಲಿಕ್ ತಂತ್ರದಿಂದ, ಅಂದರೆ ಒತ್ತಡದಲ್ಲಿರುವ ಎಣ್ಣೆಯ ಮೂಲಕ ಬಲವನ್ನು ಸಾಗಿಸುವ ವಿಧಾನದಿಂದ. 1950ರ ದಶಕದಲ್ಲಿ ಯೂರೋಪಿನ ಹಲವು ತಯಾರಕರು ಹಗ್ಗ ಮತ್ತು ರಾಟೆಗಳ ಅಗೆತ ಯಂತ್ರದ ಬದಲು ಹೈಡ್ರಾಲಿಕ್ ಎಕ್ಸ್‌ಕವೇಟರುಗಳನ್ನು ಮಾರುಕಟ್ಟೆಗೆ ತಂದರು. 1967ರಲ್ಲಿ ಜರ್ಮನಿಯ ಕ್ರುಪ್ ಸಂಸ್ಥೆ ಅದೇ ಎಣ್ಣೆಯ ಬಲದಿಂದ ಕುಟ್ಟಿ ಒಡೆಯುವ ಬ್ರೇಕರನ್ನು ಹ್ಯಾನೋವರ್ ಮೇಳದಲ್ಲಿ ಪ್ರದರ್ಶಿಸಿತು. ಎಕ್ಸ್‌ಕವೇಟರ್ ಬರಿಯ ಅಗೆತದ ಯಂತ್ರವಾಗಿ ಉಳಿಯದೆ, ತೋಳಿನ ತುದಿಗೆ ಏನನ್ನು ಕಟ್ಟಿದರೂ ಅದಕ್ಕೆ ಶಕ್ತಿ ಒದಗಿಸುವ ವಾಹಕವಾಯಿತು. ಇನ್ನೊಂದು ಕಡೆ ಇಡೀ ಕ್ರಷರನ್ನೇ ಚಲಿಸುವಂತೆ ಮಾಡುವ ಪ್ರಯತ್ನ ನಡೆದು, 1985ರಲ್ಲಿ ಫಿನ್ಲೆಂಡಿನ ಲೋಕೋಟ್ರ್ಯಾಕ್ ಎಂಬ ಯಂತ್ರ ಉಕ್ಕಿನ ಪಟ್ಟಿಯ ಮೇಲೆ ಸಂಚರಿಸುವ ಕ್ರಷರುಗಳ ದಾರಿ ತೆರೆಯಿತು. ಆದರೆ ನಗರದ ಕಿರಿದಾದ ನಿವೇಶನದಲ್ಲಿ ಆ ಯಂತ್ರವನ್ನು ಇಳಿಸಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಅದಕ್ಕೆ ಕಲ್ಲು ತುಂಬಿಸಲು ಬೇರೊಂದು ಎಕ್ಸ್‌ಕವೇಟರ್ ಬೇಕೇ ಬೇಕು. ತೋಳಿಗೆ ಕಟ್ಟುವ ಸಾಧನ, ಚಲಿಸುವ ಕ್ರಷರ್ ಎಂಬ ಈ ಎರಡು ದಾರಿಗಳು ಕೂಡಿದ್ದು ಇಟಲಿಯ ವಿಚೆಂಜಾ ಪ್ರಾಂತ್ಯದಲ್ಲಿ. 2001ರಲ್ಲಿ ಅಲ್ಲಿ ಹುಟ್ಟಿದ ಎಂಬಿ ಸಂಸ್ಥೆ ದವಡೆ ಕ್ರಷರನ್ನು ಬಕೆಟ್ಟಿನೊಳಗೆ ಅಳವಡಿಸಿ ಅದನ್ನೇ ತನ್ನ ಮುಖ್ಯ ಉತ್ಪನ್ನವಾಗಿಸಿಕೊಂಡಿತು, ಮುಂದೆ ಬೇರೆ ದೇಶಗಳ ತಯಾರಕರೂ ಅದೇ ಜಾಡು ಹಿಡಿದರು.

ಈ ಬಕೆಟ್ಟಿನ ರಚನೆಯನ್ನು ಹತ್ತಿರದಿಂದ ನೋಡಬೇಕು. ಹೊರನೋಟಕ್ಕೆ ಅದು ದಪ್ಪ ತಗಡಿನ ಉದ್ದನೆಯ ಅಗೆತದ ಬಕೆಟ್. ಆದರೆ ಅದರ ಬೆನ್ನಿನ ಭಾಗ ಮುಚ್ಚಿಲ್ಲ. ಚಾಲಕ ರಾಶಿಯಿಂದ ಕಾಂಕ್ರೀಟ್ ತುಂಡುಗಳನ್ನು ಬಾಚಿ, ಬಾಯಿ ಮೇಲಾಗುವಂತೆ ಬಕೆಟ್ಟನ್ನು ತಿರುಗಿಸಿ ಹಿಡಿದಾಗ, ತುಂಡುಗಳು ತಮ್ಮ ತೂಕದಿಂದಲೇ ಒಳಗಿನ ದವಡೆಗಳತ್ತ ಜಾರುತ್ತವೆ. ಎಕ್ಸ್‌ಕವೇಟರಿನ ಎಣ್ಣೆ ಬಕೆಟ್ಟಿನ ಪಕ್ಕದಲ್ಲಿರುವ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಭಾರದ ಚಕ್ರವನ್ನೂ ಉತ್ಕೇಂದ್ರ ದಂಡವನ್ನೂ, ಎಂದರೆ ನಡುರೇಖೆಯಿಂದ ತುಸು ಸರಿದು ಸುತ್ತುವ ದಂಡವನ್ನೂ, ತಿರುಗಿಸುತ್ತದೆ. ಈ ಸರಿದ ಸುತ್ತೇ ಚಲಿಸುವ ದವಡೆಯ ಹಿಂದುಮುಂದಿನ ಓಟವಾಗುತ್ತದೆ. ಒಡೆದ ಜಲ್ಲಿ ಬೆನ್ನಿನ ಸಂದಿಯಿಂದ ನೆಲಕ್ಕೆ ಅಥವಾ ನೇರ ಟಿಪ್ಪರಿಗೆ ಸುರಿಯುತ್ತದೆ. ದವಡೆಯ ಹಿಂದೆ ಉಕ್ಕಿನ ಬಿಲ್ಲೆಗಳನ್ನು ಸೇರಿಸಿಯೋ ತೆಗೆದೋ ಸಂದನ್ನು ಹೊಂದಿಸಿದರೆ, ಸಾಮಾನ್ಯವಾಗಿ 20ರಿಂದ 120 ಮಿಲಿಮೀಟರ್ ವರೆಗಿನ ಜಲ್ಲಿ ದೊರೆಯುತ್ತದೆ. 20 ಟನ್ ವರ್ಗದ ಎಕ್ಸ್‌ಕವೇಟರಿಗೆ ಜೋಡಿಸುವ ಬಕೆಟ್ಟೇ ಸುಮಾರು ಮೂರೂವರೆ ಟನ್ ತೂಗುತ್ತದೆ. ಹೀಗಾಗಿ ಎಣ್ಣೆಯ ಹರಿವು ಮತ್ತು ಒತ್ತಡಗಳ ಜೊತೆಗೆ, ತೋಳನ್ನು ಚಾಚಿದಾಗ ಯಂತ್ರ ಮಗುಚದಷ್ಟು ಸ್ಥಿರತೆಯನ್ನೂ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ಇದರ ಮಿತಿಗಳೂ ಇದೇ ರಚನೆಯಿಂದ ಹುಟ್ಟುತ್ತವೆ. ಬಕೆಟ್ ಒಮ್ಮೆ ಬಾಚಿದ್ದನ್ನು ಒಡೆದು ಮುಗಿಸಿ ಮತ್ತೆ ಬಾಚಬೇಕಾದುದರಿಂದ, ಎಡೆಬಿಡದೆ ಉಣಿಸಿಕೊಳ್ಳುವ ದೊಡ್ಡ ಘಟಕ ಗಂಟೆಗೆ ನೂರಾರು ಟನ್ ಒಡೆಯುವಲ್ಲಿ ಇದು ಹತ್ತಾರು ಟನ್ನಿಗೆ ನಿಲ್ಲುತ್ತದೆ. ಸಂದನ್ನು ಕಿರಿದಾಗಿಸಿದಷ್ಟೂ ಆ ಪ್ರಮಾಣ ಇನ್ನೂ ಇಳಿಯುತ್ತದೆ. ಹಸಿ ಜೇಡಿಮಣ್ಣು ಬೆರೆತರೆ ದವಡೆ ಕಟ್ಟಿಕೊಳ್ಳುತ್ತದೆ. ಉದ್ದನೆಯ ಕಂಬಿ ಸಂದಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಬ್ರೇಕರಿನಿಂದಲೋ ಹೈಡ್ರಾಲಿಕ್ ಇಕ್ಕುಳದಿಂದಲೋ ಕಾಂಕ್ರೀಟನ್ನು ಮೊದಲು ಸಡಿಲಿಸಿ ಕಂಬಿ ಬಿಡಿಸುವುದು ಒಳ್ಳೆಯದು. ಉಳಿದ ಚಿಕ್ಕ ತುಂಡುಗಳನ್ನು ಆಯಸ್ಕಾಂತ ಹಿಡಿಯುತ್ತದೆ. ಮಣ್ಣನ್ನು ಬೇರ್ಪಡಿಸಲು ಜರಡಿ ಬಕೆಟ್, ಮೆದು ವಸ್ತುಗಳಿಗೆ ಹಲ್ಲುಳ್ಳ ಉರುಳೆಗಳ ಬಕೆಟ್ ಎಂಬ ಸೋದರ ಸಾಧನಗಳೂ ಬೆಳೆದು ಬಂದಿವೆ. ಕಾಂಕ್ರೀಟ್ ಒಡೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ನೀರು ಸಿಂಪಡಿಸುವ ವ್ಯವಸ್ಥೆಯನ್ನು ಐಚ್ಛಿಕವೆಂದು ಬಗೆಯಲಾಗದು. ಕಲ್ನಾರಿನ ಶೀಟುಗಳಂತೂ ಕ್ರಷರಿನ ಹತ್ತಿರಕ್ಕೂ ಬರಬಾರದು.

ಒಡೆದುದೆಲ್ಲ ಒಂದೇ ಗುಣದ ಜಲ್ಲಿಯಲ್ಲ. ಹಳೆಯ ಕಾಂಕ್ರೀಟಿನಿಂದ ಬಂದ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡಿರುತ್ತದೆ, ಆ ಗಾರೆಯ ಸೂಕ್ಷ್ಮರಂಧ್ರಗಳು ನೀರು ಕುಡಿಯುತ್ತವೆ. ಗ್ರಾನೈಟ್ ಜಲ್ಲಿ ತನ್ನ ತೂಕದ ಸುಮಾರು ಶೇ. 1ರಷ್ಟು ನೀರನ್ನೂ ಹೀರದಿರುವಲ್ಲಿ ಇದು ಸಾಮಾನ್ಯವಾಗಿ ಶೇ. 3ರಿಂದ 10ರಷ್ಟು ಹೀರುತ್ತದೆ. ಇದನ್ನು ಮನಗಂಡ ಜಪಾನ್ 2005ರಿಂದ 2007ರ ನಡುವೆ ಮರುಬಳಕೆಯ ಜಲ್ಲಿಯನ್ನು ಗುಣಕ್ಕನುಸಾರವಾಗಿ ಉತ್ತಮ, ಮಧ್ಯಮ, ಸಾಮಾನ್ಯ ಎಂಬ ಮೂರು ದರ್ಜೆಗಳಲ್ಲಿ ವಿಂಗಡಿಸುವ ಮಾನಕಗಳನ್ನು ತಂದಿತು. ಐರೋಪ್ಯ ಒಕ್ಕೂಟದ 2008ರ ನಿರ್ದೇಶನ, ಅಪಾಯಕಾರಿಯಲ್ಲದ ಕಟ್ಟಡ ತ್ಯಾಜ್ಯದ ಶೇ. 70ರಷ್ಟು 2020ರೊಳಗೆ ಮರಳಿ ಉಪಯೋಗಕ್ಕೆ ಬರಬೇಕೆಂದು ಗುರಿ ಇಟ್ಟಿತು. ಗುಂಡಿ ತುಂಬುವುದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡದ್ದು ಅದರ ದೊಡ್ಡ ಕೊರತೆ.

ಭಾರತದಲ್ಲಿ ಕಟ್ಟಡ ತ್ಯಾಜ್ಯವನ್ನು ಸಂಸ್ಕರಿಸುವ ದೆಹಲಿಯ ಬುರಾರಿ ಘಟಕ 2009ರಲ್ಲಿ ಆರಂಭವಾಯಿತು. 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ತ್ಯಾಜ್ಯ ಹೊರಹಾಕುವವರು ಅದನ್ನು ಸ್ಥಳದಲ್ಲೇ ವಿಂಗಡಿಸಬೇಕೆಂದು ವಿಧಿಸಿದವು. ಸರ್ಕಾರಿ ಗುತ್ತಿಗೆಗಳಲ್ಲಿ ಈ ತ್ಯಾಜ್ಯದಿಂದ ತಯಾರಾದ ವಸ್ತುಗಳ ಖರೀದಿ ಶೇ. 10ರಿಂದ 20ರಷ್ಟು ಕಡ್ಡಾಯವಾಗಬೇಕೆಂದೂ ಹೇಳಿದವು. ಅದೇ ವರ್ಷ ಪರಿಷ್ಕೃತವಾದ, ಕಾಂಕ್ರೀಟಿನ ಜಲ್ಲಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 383, ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ. 25, ಎಂ25 ಬಲದ ದರ್ಜೆಯವರೆಗಿನ ಕಂಬಿ ಕಾಂಕ್ರೀಟಿನಲ್ಲಿ ಶೇ. 20, ತಳಪಾಯದ ಬೆಡ್‌ನಂಥ ಬಡ ಮಿಶ್ರಣದಲ್ಲಿ ಪೂರ್ತಿಯಾಗಿ ಬಳಸಲು ಅನುಮತಿ ನೀಡಿತು. 2022ರ ಆಗಸ್ಟ್ 28ರಂದು ನೋಯಿಡಾದ ಅವಳಿ ಗೋಪುರಗಳನ್ನು ಕೆಡವಿದಾಗ ಉಳಿದ ಸುಮಾರು 80,000 ಟನ್ ಅವಶೇಷದ ಸಾಗಣೆ ಮತ್ತು ಸಂಸ್ಕರಣೆ ಕಟ್ಟಡ ತ್ಯಾಜ್ಯದ ಪ್ರಶ್ನೆಯನ್ನು ಜನಸಾಮಾನ್ಯರ ಗಮನಕ್ಕೂ ತಂದಿತು. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ದೊಡ್ಡ ಯೋಜನೆಗಳ ಮೇಲೆ ತ್ಯಾಜ್ಯದ ವಿಸ್ತೃತ ಹೊಣೆಯನ್ನು ಹೊರಿಸುತ್ತವೆ.

ಇವೆಲ್ಲವೂ ಬೃಹತ್ ಯೋಜನೆ ಮತ್ತು ಸ್ಥಿರ ಘಟಕಗಳನ್ನು ಕಣ್ಣಮುಂದಿಟ್ಟುಕೊಂಡ ವ್ಯವಸ್ಥೆಗಳು. ಕ್ರಷರ್ ಬಕೆಟ್ಟಿನ ನಿಜವಾದ ಉಪಯೋಗವಿರುವುದು ಘಟಕದಿಂದ ದೂರವಿರುವ ತಾಲೂಕು ಪಟ್ಟಣಗಳಲ್ಲಿ. ಹಳೆಯ ಸೇತುವೆ, ಶಿಥಿಲ ಶಾಲಾ ಕಟ್ಟಡ, ಕಿತ್ತ ಕಾಂಕ್ರೀಟ್ ರಸ್ತೆ ಇವುಗಳಿಂದ ಬರುವ ಕೆಲವು ನೂರು ಟನ್ ತ್ಯಾಜ್ಯಕ್ಕಾಗಿ ಘಟಕ ಕಟ್ಟಲಾಗದು, ಆದರೆ ಅದೇ ಕಾಮಗಾರಿಯ ರಸ್ತೆಬುಡಕ್ಕೆ ಅಷ್ಟೇ ಜಲ್ಲಿ ಬೇಕಾಗಿರುತ್ತದೆ. ಬಕೆಟ್ ಬಾಡಿಗೆಗೆ ಸಿಕ್ಕರೂ ಕೆಡವುವಾಗಲೇ ಕಾಂಕ್ರೀಟನ್ನೂ ಇಟ್ಟಿಗೆಯನ್ನೂ ಬೇರೆಬೇರೆ ರಾಶಿ ಹಾಕಿರದಿದ್ದರೆ, ಹೊರಬೀಳುವುದು ಯಾವ ದರ್ಜೆಗೂ ಸಲ್ಲದ ಕಲಬೆರಕೆ. ಬಯಲುಸೀಮೆಯ ಗ್ರಾನೈಟ್ ಜಲ್ಲಿಯ ಕಾಂಕ್ರೀಟನ್ನು ಮತ್ತೆ ಒಡೆದರೆ ಗಟ್ಟಿ ಜಲ್ಲಿಯೇ ದೊರೆಯುತ್ತದೆ. ಕರಾವಳಿಯ ಹಳೆಯ ಮನೆಗಳ ಕೆಂಪು ಮುರಕಲ್ಲು ಮೆದುವಾಗಿ ನೀರು ಹೀರುವ ಜಾತಿಯದಾದ್ದರಿಂದ, ಅದನ್ನು ಕಾಂಕ್ರೀಟಿಗೆ ಬೆರೆಸದೆ ನೆಲದ ಮಟ್ಟ ಏರಿಸಲು, ಒಳದಾರಿಗಳ ತಳಕ್ಕೆ ಹಾಸಲು ಪ್ರತ್ಯೇಕವಾಗಿ ಒಡೆದಿಡುವುದು ಯೋಗ್ಯ. ಅಲ್ಲಿನ ಮಳೆಗಾಲದಲ್ಲಿ ರಾಶಿಗೆ ಹೊದಿಕೆ ಹಾಕಿರದಿದ್ದರೆ ಮೊದಲು ಜರಡಿ ಬಕೆಟ್, ಆಮೇಲೆ ದವಡೆ ಬಕೆಟ್ ಎಂಬ ಕ್ರಮವನ್ನು ತಪ್ಪಿಸುವಂತಿಲ್ಲ.