ಕತೆಯೊಳಗಿನ 'ನಾನು' ಯಾರದ್ದು?

ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಕತೆ ಬರೆಯೋ ನಮ್ಮ ಹುಡುಗರಿಗೆ ಕಮ್ಮಟಗಳಲ್ಲಿ ಒಂದು ಪಾಠ ಹೇಳ್ತಾರೆ. 'ನಾನು' ಅಂತ ಶುರು ಮಾಡಿದ್ರೆ ಕೊನೆವರೆಗೂ 'ನಾನು' ಇರಬೇಕು. 'ಅವನು' ಅಂದ್ರೆ ಕೊನೆವರೆಗೂ 'ಅವನು'. ಎರಡನ್ನೂ ಕಲಸಿದ್ರೆ ಬರೆಯೋಕೆ ಬರಲ್ಲ ಅಂತ ಅರ್ಥ. ಯಳಂದೂರು ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯ ಕೂಲಿ ಬದುಕಿನ ಕತೆ ಕಳಿಸಿದ್ದ. ಅರ್ಧ 'ಅವಳು', ಅರ್ಧ 'ನಾನು'. 'ನಾನು' ಬಂದ ಕಡೆಯೆಲ್ಲ ಯಾರೋ ಕೆಂಪು ಗೆರೆ ಎಳೆದಿದ್ರು. ಆ ಗೆರೆ ನೋಡಿ ಇದನ್ನ ಬರೀತಿದ್ದೀನಿ. ಯಾಕಂದ್ರೆ ಆ ಪಾಠಕ್ಕಿಂತ ಹಳೇ ಪಾಠ ನಮ್ಮ ಸೀಮೆಯಲ್ಲೇ ಇದೆ.

ಮಾದಪ್ಪನ ಬೆಟ್ಟ ಇರೋದು ಈಗಿನ ಹನೂರು ತಾಲ್ಲೂಕಲ್ಲಿ, ಮೊದಲು ಅದೆಲ್ಲ ಕೊಳ್ಳೇಗಾಲವೇ. ಮಾದಪ್ಪನ ಕತೆಯಲ್ಲಿ ಸೋಲಿಗರ ಸಂಕಮ್ಮನ ಭಾಗ ಕೇಳಿದ್ದೀರಲ್ಲ? ಗಂಡ ನೀಲಯ್ಯ ಕಾಡಿಗೆ ಹೊರಟಿದ್ದಾನೆ. ನಾನು ಬರೋವರೆಗೂ ಸರಿಯಾಗಿ ಇರ್ತೀನಿ ಅಂತ ಭಾಷೆ ಕೊಡು ಅಂತ ಹೆಂಡತಿಯನ್ನ ಪೀಡಿಸ್ತಾನೆ. ಅವಳು ಕೊಡಲ್ಲ. ಹಿಂಸೆ ಕೊಟ್ಟು, ಕಟ್ಟಿಹಾಕಿ ಹೋಗ್ತಾನೆ. ಕಂಸಾಳೆಯವರು ಇಲ್ಲಿವರೆಗೆ ಹೊರಗೆ ನಿಂತು ಹೇಳ್ತಾರೆ: ಅವನು ಹೀಗೆ ಮಾಡ್ದ, ಅವಳು ಹೀಗಂದ್ಲು. ಅವಳು ಮಾದಪ್ಪನ್ನ ಕರೆಯೋ ಜಾಗ ಬಂದಾಗ ದನಿ ತಿರುಗುತ್ತೆ. ಮೀಸೆ ಹೊತ್ತ ಗಂಡಸು, ಕೈಯಲ್ಲಿ ತಾಳ, 'ನಾನು' ಅಂತ ಸಂಕಮ್ಮನಾಗಿ ಅಳ್ತಾನೆ. ಮುಂದೆ ಕೂತಿರೋ ಅಜ್ಜಿಯರು ಸೆರಗಲ್ಲಿ ಕಣ್ಣೊರೆಸಿಕೊಳ್ಳೋದು ಆಗಲೇ. ಅಷ್ಟರಲ್ಲಿ ಹಿಮ್ಮೇಳ ದನಿ ಸೇರಿಸುತ್ತೆ, ಹಾಡುಗಾರ ಮತ್ತೆ ಹೊರಗೆ ಬಂದು 'ಅವಳು' ಅಂತಾನೆ. ಒಂದು ರಾತ್ರಿಯಲ್ಲಿ ಎಷ್ಟು ಸಲ ಹೀಗೆ ಒಳಗೆ ಹೋಗಿ ಹೊರಗೆ ಬರ್ತಾನೋ, ಲೆಕ್ಕ ಇಟ್ಟವರಿಲ್ಲ. ಈಗ ಮಾತಾಡ್ತಿರೋದು ಯಾರು ಅಂತ ಯಾರೂ ತಲೆ ಕೆರ್ಕೊಂಡಿಲ್ಲ. ತಾಳ ಬದಲಾಗುತ್ತೆ, ರಾಗ ಬದಲಾಗುತ್ತೆ, ಗೊತ್ತಾಗುತ್ತೆ.

ಮಂಟೇಸ್ವಾಮಿ ಕತೆ ಹಾಡೋ ನೀಲಗಾರರದ್ದೂ ಇದೇ ದಾರಿ. ಅವರಲ್ಲಿ ಬಹಳ ಜನ ನಮ್ಮವರೇ. ಆಚಾರಿ ಮನೆಯ ಕೆಂಪಾಚಾರಿ ಗುರುವಿನ ಕೈಗೆ ಸಿಕ್ಕು ಸಿದ್ದಪ್ಪಾಜಿ ಆಗೋದು, ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಪಾಡು ಪಡೋದು, ಎಲ್ಲ ಒಂದು ಗಳಿಗೆ 'ಅವನು', ಮರುಗಳಿಗೆ 'ನಾನು'.

ನಮ್ಮ ವ್ಯಾಕರಣವೂ ಇದಕ್ಕೆ ಒಪ್ಪುತ್ತೆ ನೋಡಿ. 'ನಾನು ಬರಲ್ಲ ಅಂತ ಅವಳು ಹೇಳಿದಳು' ಅಂತೀವಿ. ಒಂದೇ ವಾಕ್ಯದಲ್ಲಿ 'ಅವಳು' ಕೂಡ ಇದ್ದಾಳೆ, ಅವಳ 'ನಾನು' ಕೂಡ ಕೆಡದೆ ಇದೆ. 'ಅಂತ' ಅನ್ನೋ ಎರಡಕ್ಷರ ಅದನ್ನ ಕಾಯುತ್ತೆ. ಅದೇ 'ಅವಳು ಬರಲ್ಲವಂತೆ' ಅಂದ್ರೆ ಅವಳ ದನಿ ಹೋಯ್ತು, ಬರೀ ಸುದ್ದಿ ಉಳೀತು.

ಇನ್ನು ಅಚ್ಚಾದ ಸಾಹಿತ್ಯಕ್ಕೆ ಬನ್ನಿ. 1933ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಬಂತು. ದೊಡ್ಡ ಕಾದಂಬರಿ, ನನಗೆ ಗೌರವ ಇದೆ. ಆದರೆ ಚೋಮ ಅಲ್ಲಿ 'ಅವನು'. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'. ಅಲ್ಲಿ ನಿರೂಪಣೆ 'ಅವರು' ಬಿಟ್ಟು ಪ್ರಾಣೇಶಾಚಾರ್ಯರ ತಲೆಯೊಳಗೆ ಇಳಿದು 'ನಾನು, ನಾನು' ಅಂತ ಪುಟಗಟ್ಟಲೆ ಯೋಚನೆ ಮಾಡುತ್ತೆ. ಅದನ್ನ ಯಾರೂ ತಪ್ಪು ಅನ್ನಲಿಲ್ಲ, ನವ್ಯ ಅಂದ್ರು. ಅದೇ ಕಾದಂಬರಿಯ ಹೊಲಗೇರಿಯ ಬೆಳ್ಳಿಗೆ ಅಷ್ಟು ಜಾಗ ಸಿಗಲಿಲ್ಲ. ಅಂದ್ರೆ ಕಲಸೋದು ತಪ್ಪಲ್ಲ ಕಣ್ರಪ್ಪ, ಯಾರ 'ನಾನು' ಕಲಸಿದ್ದು ಅನ್ನೋದೇ ಪ್ರಶ್ನೆ.

1984ರಲ್ಲಿ ದೇವನೂರ ಮಹಾದೇವ ಅವರ 'ಕುಸುಮಬಾಲೆ' ಬಂದಾಗ ಅಚ್ಚಿನಲ್ಲಿ ಇದು ತಿರುಗಿತು. ಮೇಲ್ಜಾತಿ ಮನೆಯ ಕುಸುಮ, ನಮ್ಮ ಹುಡುಗ ಚೆನ್ನ, ಅವನ ಕೊಲೆ. ಒಬ್ಬನೇ ಕೂತು ಹೇಳೋ ಕತೆ ಅಲ್ಲ ಅದು. ದೀಪ ಆರಿಸಿದ ಮೇಲೆ ಮನೆಮನೆಯ ಜೋತಮ್ಮಗಳು ಒಂದು ಕಡೆ ಸೇರಿ ಮಾತಾಡ್ತವೆ. ಮಂಚ ಕೂಡ ಮಾತಾಡುತ್ತೆ. ಕತೆ ಹೇಳುವವನ ಭಾಷೆಯೂ ಪಾತ್ರಗಳ ಭಾಷೆಯೂ ಒಂದೇ, ನಂಜನಗೂಡು ಚಾಮರಾಜನಗರದ ಕೇರಿ ಭಾಷೆ. ಹಾಗಾಗಿ 'ಅವನು' ಅಂದಾಗಲೂ ಹೊರಗಿನವರು ಬೆರಳು ತೋರಿಸಿದ ಹಾಗೆ ಕೇಳಿಸಲ್ಲ. ಓದೋಕೆ ಕಷ್ಟ ಅಂದವರಿದ್ದಾರೆ. ನಮ್ಮ ಕಡೆಯವರು ಜೋರಾಗಿ ಓದಿ ನೋಡಿ, ಎಲ್ಲೂ ತಡೆಯಲ್ಲ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಾನು ಗುಮಾಸ್ತ. ಈ 'ನಾನು' ಹೇಗೆ ಸಾಯುತ್ತೆ ಅಂತ ದಿನಾ ನೋಡ್ತೀನಿ. 'ನನ್ನ ಜಮೀನಿಗೆ ಹೋಗೋಕೆ ಬಿಡ್ತಿಲ್ಲ ಸ್ವಾಮಿ' ಅಂತ ಅರ್ಜಿ ಬರುತ್ತೆ. ಕಡತದ ಟಿಪ್ಪಣಿ ಹಾಳೆಯಲ್ಲಿ ಅದು 'ಸದರಿ ಅರ್ಜಿದಾರರು ದಾರಿ ಕೋರಿರುತ್ತಾರೆ' ಅಂತ ಆಗುತ್ತೆ. ಬಿಡದೆ ಇರೋರು ಆ ವಾಕ್ಯದಿಂದಲೇ ಮಾಯ. ಠಾಣೆಯಲ್ಲೂ ಅಷ್ಟೇ, ಅಳುತ್ತಾ ಹೇಳಿದ್ದು 'ಪಿರ್ಯಾದುದಾರರು ತಿಳಿಸಿದ್ದೇನೆಂದರೆ' ಅಂತ ಒಣಗಿ ಹೋಗುತ್ತೆ.

ಬಾಬಾಸಾಹೇಬರು ಇದನ್ನ ಹೇಗೆ ನಿಭಾಯಿಸಿದ್ರು ನೋಡಿ. 'ವೇಟಿಂಗ್ ಫಾರ್ ಎ ವೀಸಾ' ಅಂತ ಅವರದೊಂದು ಸಣ್ಣ ಬರಹ. 1990ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಅದನ್ನ ಪುಸ್ತಕ ಮಾಡಿತು. ಮೊದಲು ಅವರದೇ ಅನುಭವ: 1901ರಲ್ಲಿ ಅಪ್ಪನ್ನ ನೋಡೋಕೆ ಹೊರಟ ಮಕ್ಕಳಿಗೆ ದಾರಿಯಲ್ಲಿ ನೀರು ಸಿಗದಿದ್ದು, ಬರೋಡಾದಲ್ಲಿ ಇರೋಕೆ ಮನೆ ಸಿಗದಿದ್ದು. ಆಮೇಲೆ ತಮ್ಮ 'ನಾನು' ಬಿಟ್ಟು ಬೇರೆಯವರ 'ನಾನು'ಗೆ ಜಾಗ ಕೊಡ್ತಾರೆ. ಕಾಠೇವಾಡದ ಅಸ್ಪೃಶ್ಯ ಮೇಷ್ಟ್ರೊಬ್ಬರು ಬರೆದು 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಪತ್ರ. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಮುಟ್ಟಲ್ಲ. ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಅವಳು ಉಳೀಲಿಲ್ಲ. ಅಂಬೇಡ್ಕರ್ ಇದನ್ನ 'ಒಬ್ಬ ಮೇಷ್ಟ್ರಿಗೆ ಹೀಗಾಯಿತಂತೆ' ಅಂತ ತಮ್ಮ ಮಾತಿಗೆ ಇಳಿಸಬಹುದಿತ್ತು. ಇಳಿಸಲಿಲ್ಲ, ಮೇಷ್ಟ್ರ ಬಾಯಲ್ಲೇ ಬಿಟ್ಟರು. ಕೊನೆಯದು ಗುಜರಾತಿನ ಬೋರ್ಸದ್ ಕಚೇರಿಯಲ್ಲಿ ತಲಾಟಿ ಕೆಲಸಕ್ಕೆ ಸೇರಿದ ಭಂಗಿ ಹುಡುಗನದ್ದು. ನನ್ನ ಹಾಗೇ ಕಡತದವನು. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಆಮೇಲೆ ನಮ್ಮಲ್ಲಿ ಆತ್ಮಕತೆಗಳ ಕಾಲ ಬಂತು. 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಅದೇ ದಶಕದಲ್ಲಿ ಸಿದ್ದಲಿಂಗಯ್ಯನವರ 'ಊರುಕೇರಿ'. 'ನಾನು' ಧೈರ್ಯವಾಗಿ ನಿಂತಿತು. ಆದರೆ ಅದರ ಹಿಂದೆಯೇ ಒಂದು ಬೇಲಿಯೂ ಬಂತು ಅಂತ ನನ್ನ ಅನಿಸಿಕೆ. ದಲಿತ ಅಂದ್ರೆ ತನ್ನ ನೋವು ಹೇಳ್ಕೊಳ್ಳಲಿ, ಬೇರೆಯವರ ಬಗ್ಗೆ, ಮೇಲ್ಜಾತಿ ಮನೆಯ ಒಳಮನೆ ಬಗ್ಗೆ 'ಅವನು' 'ಅವಳು' ಅಂತ ಕಟ್ಟಿ ಹೇಳೋ ಹಕ್ಕು ಅವನಿಗ್ಯಾಕೆ ಅನ್ನೋ ಬೇಲಿ. ನಮಗೆ ಎರಡೂ ಬೇಕು.

ಹಾಗಂತ ಹೇಗೆ ಬೇಕಾದ್ರೂ ಕಲಸಿ ಅಂತಿಲ್ಲ. ಹಾಡುಗಾರನಿಗೆ ತಾಳ ಇದೆ, ಹಾಳೆಗೆ ತಾಳ ಇಲ್ಲ. ತಿರುಗೋ ಜಾಗದಲ್ಲಿ ಓದುಗರಿಗೆ ಏನಾದ್ರೂ ಕೊಡಬೇಕು: ಒಂದು ಸಾಲು ಖಾಲಿ, ಅಜ್ಜಿಯ ಮಾತಿನ ವರಸೆ, ಅಥವಾ ಆ 'ಅಂತ'. ಯಳಂದೂರಿನ ತಮ್ಮನಿಗೆ ಇಷ್ಟನ್ನೇ ಬರೆದೆ. ಅಜ್ಜಿಯ 'ನಾನು' ತೆಗೀಬೇಡ ಅಂತಲೂ ಬರೆದೆ.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಬರೋರು ಚಂದ್ರಮಂಡಲದ ವಿಡಿಯೊ ಮಾಡ್ಕೊಂಡು ಬಸ್ ಹತ್ತಬೇಡಿ. ಬಿಡಾರಗಳ ಕಡೆ ಬನ್ನಿ, ತಂಬೂರಿ ಹಿಡಿದು ಕೂತಿರೋ ನೀಲಗಾರರ ಮುಂದೆ ಒಂದೆರಡು ಗಂಟೆ ಕೂರಿ. 'ಅವನು' ಎಲ್ಲಿ 'ನಾನು' ಆಗುತ್ತೆ ಅಂತ ಕಿವಿಗೊಡಿ. ಬರೆಯೋ ಹುಡುಗ ಹುಡುಗಿಯರಿದ್ರೆ ಜೊತೇಲಿ ಕರ್ಕೊಂಡು ಬನ್ನಿ, ಊಟ ಅಲ್ಲೇ ಪಂಕ್ತಿಯಲ್ಲಿ.