ಭಾರತದ ಲಾಂಛನಗಳು: ರಾಜ್ಯ, ನಗರ, ಸಂಸ್ಥೆ

ಸ್ವರೂಪ

ರಾಜ್ಯ, ನಗರ ಅಥವಾ ಸಂಸ್ಥೆಯೊಂದು ತನ್ನ ಅಧಿಕಾರವನ್ನು ಸೂಚಿಸಲು ಬಳಸುವ ಸ್ಥಿರ ಚಿತ್ರಮುದ್ರೆಗೆ ಲಾಂಛನ ಎಂದು ಹೆಸರು. ಕನ್ನಡ ನಾಡಿನಲ್ಲಿ ಈ ಪದ್ಧತಿ ಬಹಳ ಹಳೆಯದು. ಬಾದಾಮಿ ಚಾಲುಕ್ಯರದು ವರಾಹ, ಕದಂಬರದು ಸಿಂಹ, ಹೊಯ್ಸಳರದು ಮೃಗವನ್ನು ಇರಿಯುತ್ತಿರುವ ಸಳನ ಚಿತ್ರ. ಚಾಲುಕ್ಯರ ದಾನಶಾಸನದ ತಾಮ್ರಪಟಗಳನ್ನು ಒಂದು ಬಳೆಗೆ ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ವರಾಹಮುದ್ರೆಯನ್ನು ಇರಿಸುತ್ತಿದ್ದರು. ಶಾಸನ ಅರಸನದೇ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ.

ಗುರಾಣಿಯ ಮಾದರಿ

ಇಂದು ಕಾಣುವ ಹಲವು ಲಾಂಛನಗಳ ವಿನ್ಯಾಸ ಯುರೋಪಿನ ಹೆರಾಲ್ಡ್ರಿ ಶಾಸ್ತ್ರದಿಂದ ಬಂದದ್ದು. ಅದರಲ್ಲಿ ನಡುವೆ ಗುರಾಣಿ, ಅದರ ಮೇಲ್ಭಾಗದಲ್ಲಿ ಶಿರೋಚಿಹ್ನೆ, ಎರಡೂ ಬದಿಯಲ್ಲಿ ಗುರಾಣಿಯನ್ನು ಹಿಡಿದು ನಿಂತ ಪ್ರಾಣಿಗಳು, ಕೆಳಗೆ ಧ್ಯೇಯವಾಕ್ಯ ಇರುತ್ತವೆ. 1877ರ ದೆಹಲಿ ದರ್ಬಾರಿಗಾಗಿ ಬಂಗಾಳದ ಸಿವಿಲ್ ಸರ್ವೀಸಿನ ರಾಬರ್ಟ್ ಟೇಲರ್ ದೇಶೀ ಸಂಸ್ಥಾನಗಳಿಗೆ ಇದೇ ಮಾದರಿಯ ಲಾಂಛನಗಳನ್ನು ರಚಿಸಿದರು. ಅವುಗಳನ್ನು ಹೊತ್ತ ಧ್ವಜಗಳನ್ನು ಅಂದು ಅರಸರಿಗೆ ನೀಡಲಾಯಿತು. ಚೌಕಟ್ಟು ಪರದೇಶದ್ದಾದರೂ ಅದರೊಳಗೆ ಸೇರಿದ ಆನೆ, ಶಂಖ, ಮೀನುಗಳು ಇಲ್ಲಿನವೇ.

ಸಾರನಾಥದ ಸಿಂಹಗಳು

ಭಾರತದ ರಾಷ್ಟ್ರಲಾಂಛನದಲ್ಲಿ ಗುರಾಣಿಯಿಲ್ಲ. ಅಶೋಕನ ಕಾಲದ ಸಾರನಾಥ ಸ್ತಂಭದ ಬೋದಿಗೆಯೇ ಅದರ ಮೂಲ. 1904–05ರ ಉತ್ಖನನದಲ್ಲಿ ದೊರೆತ ಈ ಶಿಲ್ಪದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ಚಿತ್ರದಲ್ಲಿ ಕಾಣುವುದು ಮೂರು ಮಾತ್ರ. ಕೆಳಗಿನ ಪೀಠದಲ್ಲಿ ಮಧ್ಯೆ ಧರ್ಮಚಕ್ರ, ನೋಡುವವರ ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ ಇವೆ. ಮೂಲಶಿಲ್ಪದ ತಲೆಕೆಳಗಾದ ಕಮಲವನ್ನು ಲಾಂಛನದಲ್ಲಿ ಕೈಬಿಡಲಾಗಿದೆ. ಗಣರಾಜ್ಯ ಜಾರಿಗೆ ಬಂದ 1950ರ ಜನವರಿ 26ರಂದೇ ಇದನ್ನು ಅಂಗೀಕರಿಸಲಾಯಿತು. ಕೆಳಗೆ ದೇವನಾಗರಿಯಲ್ಲಿರುವ ‘ಸತ್ಯಮೇವ ಜಯತೇ’ ಲಾಂಛನದ ಅವಿಭಾಜ್ಯ ಅಂಗ. ಅದನ್ನು ಬಿಟ್ಟು ಸಿಂಹಗಳನ್ನಷ್ಟೇ ಮುದ್ರಿಸಿದರೆ ಲಾಂಛನ ಅಪೂರ್ಣ.

ಕರ್ನಾಟಕದ ಲಾಂಛನ

ಅರಸೊತ್ತಿಗೆಯ ಪರಂಪರೆ ಗಣರಾಜ್ಯದೊಳಗೆ ಹೇಗೆ ಕೂಡಿಕೊಂಡಿತು ಎಂಬುದಕ್ಕೆ ಕರ್ನಾಟಕದ ಲಾಂಛನಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ನೀಲಿ ಅಂಚಿನ ಕೆಂಪು ಗುರಾಣಿಯ ಮೇಲೆ ಎರಡು ತಲೆಯ ಬಿಳಿಯ ಗಂಡಭೇರುಂಡವಿದೆ. ಇಕ್ಕೆಲಗಳಲ್ಲಿ ಕೆಂಪು ಕೇಸರದ, ಹಳದಿ ಮೈಯ ಶರಭಗಳು ನಿಂತಿವೆ. ಅವುಗಳ ದೇಹ ಸಿಂಹದ್ದು, ಮುಖ ಆನೆಯದು. ಗಂಡಭೇರುಂಡವೂ ಶರಭಗಳೂ ಮೈಸೂರು ಸಂಸ್ಥಾನದಿಂದ ಬಂದವು. ಆದರೆ ಶಿರಸ್ಸಿನಲ್ಲಿ ಅಶೋಕನ ಸಿಂಹಗಳು ನೆಲೆಗೊಂಡಿವೆ. ಸಂಸ್ಥಾನದ ಧ್ಯೇಯವಾಕ್ಯದ ಜಾಗಕ್ಕೆ ರಾಷ್ಟ್ರದ ವಾಕ್ಯ ಬಂದಿದೆ. ಹಳೆಯದನ್ನು ಅಳಿಸದೆ ಅಧಿಕಾರದ ಮೂಲ ಬದಲಾದುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವುದು ಸಣ್ಣ ಸಾಧನೆಯಲ್ಲ.

ಗಂಡಭೇರುಂಡ ಒಡೆಯರಿಗಿಂತ ಬಹಳ ಹಿಂದಿನದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, 1047ರ ಭೇರುಂಡೇಶ್ವರ ಕಂಬವಿದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಈ ಪಕ್ಷಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಬೆರಳ ತುದಿಯಷ್ಟೇ ಅಗಲದ ಚಿನ್ನದಲ್ಲಿ ಇಷ್ಟೆಲ್ಲ ಮೂಡಿಸಿದ ಟಂಕಸಾಲೆಯ ಕುಶಲತೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇತರ ರಾಜ್ಯಗಳಲ್ಲೂ ಸ್ಥಳೀಯ ನೆನಪುಗಳು ಉಳಿದಿವೆ. ಕೇರಳದ ಎರಡು ಆನೆಗಳ ನಡುವೆ ತಿರುವಾಂಕೂರಿನ ಶಂಖವಿದೆ. ಉತ್ತರ ಪ್ರದೇಶದ ಜೋಡಿ ಮೀನುಗಳು ಅವಧದ ನವಾಬರನ್ನು ನೆನಪಿಸುತ್ತವೆ. ತೆಲಂಗಾಣ 2014ರಲ್ಲಿ ಕಾಕತೀಯ ತೋರಣವನ್ನೂ ಚಾರ್‌ಮಿನಾರನ್ನೂ ಒಂದೇ ಲಾಂಛನದಲ್ಲಿ ಸೇರಿಸಿತು.

ನಗರ ಮತ್ತು ಸಂಸ್ಥೆಗಳು

ನಗರಲಾಂಛನಗಳಲ್ಲಿ ಕಲ್ಕತ್ತೆಯದು ವಿಶಿಷ್ಟವಾದುದು. 1896ರಲ್ಲಿ ದೊರೆತ ಆ ಲಾಂಛನದ ಗುರಾಣಿಯನ್ನು ಕಾಯುತ್ತಿದ್ದುದು ಸಿಂಹಗಳಲ್ಲ, ಹಾವನ್ನು ಕಚ್ಚಿ ಹಿಡಿದು ನಿಂತ ಹರ್ಗಿಲಾ ಕೊಕ್ಕರೆಗಳು. ಕೊಳೆತದ್ದನ್ನು ತಿಂದು ಬೀದಿಗಳನ್ನು ಶುಚಿಯಾಗಿಡುತ್ತಿದ್ದ ಈ ದೊಡ್ಡ ಹಕ್ಕಿಗೆ ನಗರಸಭೆ ಕೊಟ್ಟ ಮನ್ನಣೆ ಉಚಿತವೇ ಆಗಿತ್ತು.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಯಲ್ಲಿ ಗಂಡಭೇರುಂಡವಿದೆ. ಕೆಎಸ್‌ಆರ್‌ಟಿಸಿ ಬಸ್ಸುಗಳ ಮೇಲೂ ಅದೇ ಹಕ್ಕಿ ಊರೂರು ಸುತ್ತುತ್ತದೆ. ಮೈಸೂರು ಸ್ಯಾಂಡಲ್ ಸೋಪಿನ ಗುರುತು ಶರಭ.

ಕಾನೂನು

ಇಂಗ್ಲೆಂಡಿನಲ್ಲಿರುವಂತೆ ಲಾಂಛನಗಳನ್ನು ದಯಪಾಲಿಸುವ ಪ್ರತ್ಯೇಕ ಕಚೇರಿ ಭಾರತದಲ್ಲಿಲ್ಲ. ರಾಷ್ಟ್ರಲಾಂಛನದ ಬಳಕೆಯನ್ನು 2005ರ ಕಾಯ್ದೆ ಮತ್ತು 2007ರ ನಿಯಮಗಳು ನಿಯಂತ್ರಿಸುತ್ತವೆ. ಅದನ್ನು ತನ್ನ ಲಾಂಛನದೊಳಗೆ ಸೇರಿಸಿಕೊಳ್ಳಬಯಸುವ ರಾಜ್ಯ ಕೇಂದ್ರದ ಪೂರ್ವಾನುಮತಿ ಪಡೆಯಬೇಕು. ಮಾಜಿ ಸಚಿವರು, ಮಾಜಿ ಶಾಸಕರು, ನಿವೃತ್ತ ನ್ಯಾಯಾಧೀಶರು ಅದನ್ನು ಬಳಸುವಂತಿಲ್ಲ. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.