ಸರ್ಪಗಂಧದಿಂದ ಸೆರೊಟೋನಿನ್‌ವರೆಗೆ

ರಕ್ತದೊತ್ತಡ, ಹಾರ್ಮೋನು, ಆಟಿಸಂ ಈ ಮೂರರ ಸಂಶೋಧನೆಯ ಚರಿತ್ರೆ ಒಂದು ಗಿಡದ ಬೇರಿನ ಬಳಿ ಕೂಡಿಕೊಳ್ಳುತ್ತದೆ. ಆ ಗಿಡ ಸರ್ಪಗಂಧ. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಪೊದೆ ಅದು. ಒಂದೊಂದು ಗೆಣ್ಣಿಗೂ ಸುತ್ತುಗಟ್ಟಿದ ಮೂರು ನಾಲ್ಕು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು. ಔಷಧಕ್ಕೆ ಬೇಕಾದದ್ದು ಬೇರು, ಅದರಲ್ಲೂ ಬೇರಿನ ತೊಗಟೆ. ನಾಲಿಗೆಗೆ ತಾಗಿದರೆ ವಿಪರೀತ ಕಹಿ. ಬೇರು ಕಿತ್ತರೆ ಗಿಡ ಉಳಿಯುವುದಿಲ್ಲ. ಮುಂದೆ ಈ ಗಿಡಕ್ಕೆ ಬಂದ ಸಂಕಟಕ್ಕೆ ಇದೇ ಕಾರಣ.

ಹಾವಿನ ವಿಷಕ್ಕೆ, ಜ್ವರಕ್ಕೆ, ನಿದ್ದೆಗೆಟ್ಟವರಿಗೆ ಈ ಬೇರನ್ನು ಕೊಡುವ ರೂಢಿ ಹಳೆಯದು. ಬಿಹಾರದ ಕಡೆ ಇದರ ಪುಡಿ 'ಪಾಗಲ್ ಕೀ ದವಾ' (ಹುಚ್ಚಿನ ಮದ್ದು) ಎಂದೇ ಮಾರಾಟವಾಗುತ್ತಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಬುದ್ಧಿವಿಕಲತೆಗೂ ಏರಿದ ರಕ್ತದೊತ್ತಡಕ್ಕೂ ಆಗಿಬರುತ್ತದೆ ಎಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ, ಒಂದಕ್ಕೆ ತಮ್ಮ ಆಶ್ರಯದಾತ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಡೆಹ್ರಾಡೂನಿನಲ್ಲಿ 1930ರಲ್ಲಿ ಹುಟ್ಟಿದ ಹಿಮಾಲಯ ಕಂಪನಿ 1934ರಲ್ಲಿ 'ಸರ್ಪಿನಾ' ಎಂಬ ಮಾತ್ರೆ ತಂದಿತು. ಬರ್ಮಾದಲ್ಲಿ ರೊಚ್ಚಿಗೆದ್ದ ಆನೆಗಳಿಗೆ ಈ ಬೇರು ತಿನ್ನಿಸಿ ಸುಮ್ಮನಾಗಿಸುವುದನ್ನು ಸಂಸ್ಥಾಪಕರು ಕಂಡಿದ್ದರೆಂಬುದು ಕಂಪನಿ ಹೇಳಿಕೊಂಡು ಬಂದ ಕಥೆ. ಇದೇ ಕಂಪನಿ 1970ರ ದಶಕದಲ್ಲಿ ಬೆಂಗಳೂರಿಗೆ ಬಂದು, ತುಮಕೂರು ರಸ್ತೆಯ ಮಾಕಳಿಯಲ್ಲಿ ನೆಲೆಯೂರಿತು.

ಪಾಶ್ಚಾತ್ಯ ವೈದ್ಯಲೋಕ ತಿರುಗಿ ನೋಡಿದ್ದು 1949ರಲ್ಲಿ. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ 50 ರೋಗಿಗಳ ಮೇಲೆ ಸರ್ಪಗಂಧದ ಪರಿಣಾಮವನ್ನು 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಸಾರವಾದ ರೆಸರ್ಪಿನ್ ಅನ್ನು ಶುದ್ಧರೂಪದಲ್ಲಿ ತೆಗೆದರು. ಚಮಚಗಟ್ಟಲೆ ಪುಡಿಯ ಕೆಲಸವನ್ನು ಒಂದು ಮಿಲಿಗ್ರಾಂಗಿಂತ ಕಡಿಮೆ ರೆಸರ್ಪಿನ್ ಇರುವ ಮಾತ್ರೆ ಮಾಡತೊಡಗಿತು. ನ್ಯೂಯಾರ್ಕಿನಲ್ಲಿ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. 1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಕ್ಲೈನ್ ಅವರೂ ಇದ್ದರು, ವಕೀಲರೂ ಇದ್ದರು. ಬೇಡಿಕೆ ಏರಿದಂತೆ ಕಾಡಿನ ಗಿಡ ಕರಗುತ್ತ ಹೋಯಿತು. 1990ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು.

ಬೆಂಗಳೂರಿನಲ್ಲಿ ಮನೋರೋಗಕ್ಕೆ ಔಷಧ ಹುಡುಕುವ ಕೆಲಸ ರೆಸರ್ಪಿನ್ ಬರುವುದಕ್ಕೂ ಮೊದಲೇ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಗಿ, 1930ರ ದಶಕದಲ್ಲಿ ಲಕ್ಕಸಂದ್ರದ ಈಗಿನ ಜಾಗಕ್ಕೆ ಬಂತು. 1937ರ ಹೊತ್ತಿಗೆ ಅದರ ಹೊಣೆ ಹೊತ್ತ ಡಾ. ಎಂ. ವಿ. ಗೋವಿಂದಸ್ವಾಮಿ ಮೈಸೂರು ಸಂಸ್ಥಾನದ ನೆರವಿನಿಂದ ವಿದೇಶದಲ್ಲಿ ತರಬೇತಿ ಪಡೆದಿದ್ದವರು. ಯುರೋಪಿನಲ್ಲಿ ಆಗಷ್ಟೇ ಬಂದಿದ್ದ ಇನ್ಸುಲಿನ್ ಮತ್ತು ಸೆಳವು ತರಿಸುವ ಕಾರ್ಡಿಯಜಾಲ್ ಚಿಕಿತ್ಸೆಗಳನ್ನು ಅವರು ಇಲ್ಲಿ ಕೈಗೊಂಡರು. ಮಧುಮೇಹಕ್ಕೆ ಕೊಡುವ ಹಾರ್ಮೋನನ್ನೇ ಹೆಚ್ಚು ಪ್ರಮಾಣದಲ್ಲಿ ಚುಚ್ಚಿ, ರಕ್ತದ ಸಕ್ಕರೆ ಇಳಿಸಿ, ರೋಗಿಯ ಪ್ರಜ್ಞೆ ತಪ್ಪಿಸಿ, ಮತ್ತೆ ಗ್ಲೂಕೋಸ್ ಕೊಟ್ಟು ಎಚ್ಚರಿಸುವುದು ಇನ್ಸುಲಿನ್ ಚಿಕಿತ್ಸೆಯ ವಿಧಾನ. ಅಪಾಯದ ಚಿಕಿತ್ಸೆ, 1950ರ ದಶಕದಲ್ಲಿ ಅದರ ಫಲವೇ ಅನುಮಾನಕ್ಕೊಳಗಾಗಿ ಕ್ರಮೇಣ ನಿಂತುಹೋಯಿತು. ಆದರೂ ಮೈಸೂರು ಸೀಮೆಯ ಒಂದು ಆಸ್ಪತ್ರೆ ರೋಗಿಗಳನ್ನು ಕೂಡಿಹಾಕುವುದಷ್ಟೇ ತನ್ನ ಕೆಲಸವೆಂದುಕೊಳ್ಳದೆ, ತನ್ನ ಅನುಭವವನ್ನು ಲಂಡನ್ನಿನ 'ಲ್ಯಾನ್ಸೆಟ್'ಗೆ ಬರೆದು ಕಳಿಸುತ್ತಿದ್ದುದು ಸಣ್ಣ ಸಂಗತಿಯಲ್ಲ. 1954ರಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಗೋವಿಂದಸ್ವಾಮಿ ನಿರ್ದೇಶಕರಾದರು. 1974ರ ಡಿಸೆಂಬರಿನಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು.

ರೆಸರ್ಪಿನ್ ರಕ್ತದೊತ್ತಡವನ್ನೂ ಮನಸ್ಸಿನ ಉದ್ರೇಕವನ್ನೂ ಒಟ್ಟಿಗೆ ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೊಂದು ದಾರಿಯಿಂದ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಅರ್ವಿನ್ ಪೇಜ್ ರಕ್ತದೊತ್ತಡದ ಮೂಲ ಹುಡುಕುತ್ತಿದ್ದರು. ರಕ್ತ ಹೆಪ್ಪುಗಟ್ಟಿದಾಗಲೆಲ್ಲ ರಕ್ತನಾಳಗಳನ್ನು ಬಿಗಿಯುವ ಯಾವುದೋ ವಸ್ತು ಹೊರಬಂದು ಅವರ ಪ್ರಯೋಗ ಕೆಡಿಸುತ್ತಿತ್ತು. ಆ ಅಡ್ಡಿಯನ್ನು ನಿವಾರಿಸಲೆಂದೇ ಅವರು, ಮಾರಿಸ್ ರ್‍ಯಾಪೋರ್ಟ್ ಮತ್ತು ಆರ್ಡಾ ಗ್ರೀನ್ 1948ರಲ್ಲಿ ಅದನ್ನು ಬೇರ್ಪಡಿಸಿದರು. ಅದೇ ಸೆರೊಟೋನಿನ್. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲಿ ತಯಾರಾಗುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿದದ್ದನ್ನು ಪ್ಲೇಟ್‌ಲೆಟ್ ಕಣಗಳು ಹೀರಿ ಇಟ್ಟುಕೊಳ್ಳುತ್ತವೆ. 1953ರಲ್ಲಿ ಪೇಜ್ ಮತ್ತು ಬೆಟ್ಟಿ ಟ್ವಾರೋಗ್ ಅದು ಮಿದುಳಿನಲ್ಲೂ ಇದೆಯೆಂದು ತೋರಿಸಿದರು. ಎರಡು ವರ್ಷದ ನಂತರ ಬರ್ನಾರ್ಡ್ ಬ್ರೋಡಿಯವರ ತಂಡ, ರೆಸರ್ಪಿನ್ ಕೊಟ್ಟರೆ ಸೆರೊಟೋನಿನ್‌ನ ದಾಸ್ತಾನು ಬರಿದಾಗುತ್ತದೆ ಎಂದು ಕಂಡುಕೊಂಡಿತು. ನರಗಳ ಇನ್ನೊಂದು ಸಂದೇಶವಾಹಕವಾದ ನೋರ್‌ಅಡ್ರಿನಲೀನ್‌ನ ಗತಿಯೂ ಅದೇ. ಸಂಗ್ರಹವಿಲ್ಲದೆ ನರಗಳ ಸಂದೇಶ ಸಡಿಲಾಗುತ್ತದೆ, ರಕ್ತನಾಳ ಹಿಗ್ಗುತ್ತದೆ, ರೋಗಿ ಮಂಕಾಗುತ್ತಾನೆ. ಕೆಲವರಿಗೆ ಆ ಮಂಕು ಖಿನ್ನತೆಗೆ ತಿರುಗಿದ್ದರಿಂದ, ಬೇರೆ ಬಿ.ಪಿ. ಮಾತ್ರೆಗಳು ಬಂದ ಮೇಲೆ ರೆಸರ್ಪಿನ್ ಹಿಂದೆ ಸರಿಯಿತು. ಸಾಮಾನ್ಯವಾಗಿ ಕಾಣುವ ಏರಿದ ರಕ್ತದೊತ್ತಡಕ್ಕೆ ಸೆರೊಟೋನಿನ್ ಕಾರಣವೆಂದೂ ರುಜುವಾಗಲಿಲ್ಲ.

ಆಟಿಸಂ ಈ ಕಥೆಯೊಳಗೆ ಬರುವುದು ಇಲ್ಲಿಂದ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳ ವಿವರ ಕೊಟ್ಟು ಈ ಸ್ಥಿತಿಯನ್ನು ಗುರುತಿಸಿದ ನಂತರ, ಅದರ ತಪ್ಪನ್ನು ತಾಯಂದಿರ ತಲೆಗೆ ಕಟ್ಟುವ ವಾದ ಬಹುಕಾಲ ನಡೆಯಿತು. ತಾಯಿ ಅಕ್ಕರೆ ತೋರದೆ ಮಗು ತನ್ನೊಳಗೆ ಮುದುಡಿಕೊಂಡಿತು ಎಂಬ ಕ್ರೂರ ಮಾತು ಅದು. 1961ರಲ್ಲಿ ರಿಚರ್ಡ್ ಶೇನ್ ಮತ್ತು ಡೇನಿಯಲ್ ಫ್ರೀಡ್‌ಮನ್ ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಸಾಮಾನ್ಯಕ್ಕಿಂತ ಹೆಚ್ಚಿದೆಯೆಂದು ವರದಿ ಮಾಡಿದರು. ಮುಂದಿನ ಅಧ್ಯಯನಗಳಲ್ಲೂ ಸುಮಾರು ಕಾಲುಭಾಗದಷ್ಟು ಮಕ್ಕಳಲ್ಲಿ ಇದು ಕಂಡುಬಂತು. ಆಟಿಸಂಗೆ ದೊರೆತ ಮೊದಲ ಜೈವಿಕ ಗುರುತು ಇದು. ಚಿಕಿತ್ಸೆಗೆ ಇದರಿಂದ ಆದ ಉಪಕಾರ ಕಡಿಮೆ. ಆದರೆ ಕಾರಣವನ್ನು ತಾಯಿಯ ಮಡಿಲಲ್ಲಿ ಹುಡುಕುವುದನ್ನು ಬಿಟ್ಟು ದೇಹದೊಳಗೆ ಹುಡುಕಲು ಅದು ಬಲ ಕೊಟ್ಟಿತು.

ಔಷಧದ ಪ್ರಯತ್ನಗಳು ಒಂದರ ಹಿಂದೊಂದು ಸೋತವು. 1950ರ ದಶಕದಲ್ಲೇ ಆಟಿಸಂ ಇರುವ ಮಕ್ಕಳಿಗೆ ರೆಸರ್ಪಿನ್ ಕೊಟ್ಟು ನೋಡಿದ್ದರು. 1980ರ ದಶಕದಲ್ಲಿ ಸೆರೊಟೋನಿನ್ ಇಳಿಸುವ ಫೆನ್‌ಫ್ಲೂರಮೀನ್ ದೊಡ್ಡ ಆಸೆ ಹುಟ್ಟಿಸಿತು. ರಕ್ತದ ಮಟ್ಟವೇನೋ ಇಳಿಯಿತು, ಮಕ್ಕಳ ನಡವಳಿಕೆಯಲ್ಲಿ ಭರವಸೆ ಇಡಬಹುದಾದ ಬದಲಾವಣೆ ಉಳಿಯಲಿಲ್ಲ. ತೂಕ ಇಳಿಸಲು ಅದನ್ನು ನುಂಗಿದವರ ಹೃದಯದ ಕವಾಟ ಕೆಟ್ಟದ್ದರಿಂದ 1997ರಲ್ಲಿ ಆ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಜೀರ್ಣಾಂಗದ ಹಾರ್ಮೋನಾದ ಸೀಕ್ರೆಟಿನ್ ಮಗುವಿಗೆ ಮಾತು ತರಿಸುತ್ತದೆಂಬ ಸುದ್ದಿ 1998ರಲ್ಲಿ ಹಬ್ಬಿತು. ಮರುವರ್ಷದ ಪರೀಕ್ಷೆಯಲ್ಲಿ ಉಪ್ಪುನೀರಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹೆರಿಗೆಗೆ, ಎದೆಹಾಲಿಗೆ ನೆರವಾಗುವ ಆಕ್ಸಿಟೋಸಿನ್ ಅನ್ನು ಮೂಗಿಗೆ ಸಿಂಪಡಿಸಿ 290 ಮಕ್ಕಳ ಮೇಲೆ ನಡೆಸಿದ ಅಧ್ಯಯನದ ಫಲ 2021ರಲ್ಲಿ ಬಂತು: ಸಾಮಾಜಿಕ ನಡವಳಿಕೆಯಲ್ಲಿ ಪ್ರಯೋಜನವಿಲ್ಲ. ಮೂತ್ರ ಹೆಚ್ಚಿಸಿ ಬಾವು ಇಳಿಸುವ ಬುಮೆಟಾನೈಡ್ ಕೂಡ ಅದೇ ವರ್ಷ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಮಾತ್ರೆಗಳು ಸೋತ ಕಡೆ ಉಳಿದದ್ದು ಮಗುವನ್ನು ಬೇಗ ಗುರುತಿಸಿ ಕಲಿಸುವ ದಾರಿ. ಬೆಂಗಳೂರಿನ ಶ್ರೀನಗರ, ಹನುಮಂತನಗರ, ಬನಶಂಕರಿ ಕಡೆಯ ಮನೆಗಳಿಗೆ ನಿಮ್ಹಾನ್ಸ್ ಸಿಟಿ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೂ 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡಿ' ಎಂದು ಅಜ್ಜಿ ಸಮಾಧಾನ ಹೇಳುವ ಮನೆಗಳಿಂದ ಮಗುವನ್ನು ಅಲ್ಲಿನ ಮಕ್ಕಳ ವಿಭಾಗದ ವೈದ್ಯರ ಮುಂದೆ ತರುವುದು ಹಲವು ಕುಟುಂಬಗಳಿಗೆ ಈಗಲೂ ಸುಲಭವಲ್ಲ. ಆ ವಿಭಾಗವನ್ನು ಬೆಳೆಸಿದವರಲ್ಲಿ ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ, ಶೇಖರ್ ಶೇಷಾದ್ರಿ ಪ್ರಮುಖರು. ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಶೇ. 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಮಾತಿನ ತರಬೇತಿಗೆ ಬುನಾದಿ ಹಾಕಿದ್ದು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆ. ವಾಕ್‌ತಜ್ಞೆ ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ ಕಟ್ಟಿದ ಕಾಮ್ ಡೀಲ್ ಎಂಬ ಕಾರ್ಯಕ್ರಮ ಶಾಲೆಗೆ ಸೇರುವ ಮೊದಲಿನ ವಯಸ್ಸಿನಲ್ಲೇ ಮಕ್ಕಳ ಮಾತು, ಚಲನೆ, ಬೆರೆಯುವ ಗುಣಗಳನ್ನು ತಿದ್ದಲು ಹೊರಟಿತು. ಇಂಥ ತರಬೇತಿಯಲ್ಲಿ ಒಂದು ಬಾಳೆಹಣ್ಣಿಗಾಗಿ ಮಗು ಚಿತ್ರದ ಕಾರ್ಡನ್ನು ಎತ್ತಿ ಎದುರಿನವರ ಕೈಗೆ ಕೊಡುವುದನ್ನು ಕಲಿಯಲು ವಾರಗಳೇ ಹಿಡಿಯಬಹುದು. ಇದುವರೆಗೆ ಬಂದ ಯಾವ ಹಾರ್ಮೋನೂ ಕೊಡದ ಫಲ ಈ ನಿಧಾನದ ಕೆಲಸದಿಂದ ಬಂದಿದೆ. ಕಾನೂನಿನ ಮನ್ನಣೆ ಇನ್ನೂ ತಡವಾಯಿತು: 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಹಕ್ಕುಗಳ ಕಾಯ್ದೆಯಲ್ಲಿ ಪೂರ್ಣ ಸ್ಥಾನ ಪಡೆಯಿತು.

ಈಗಿನ ಸಂಶೋಧನೆ ಹೆಚ್ಚಾಗಿ ಜೀನುಗಳ ಕಡೆ ತಿರುಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ಪ್ರಯೋಗಾಲಯ, ಬೌದ್ಧಿಕ ಕುಂಠಿತತೆಗೂ ಆಟಿಸಂಗೂ ಕಾರಣವಾಗುವ ಸಿಂಗ್ಯಾಪ್-1 ಎಂಬ ಜೀನಿನ ದೋಷವನ್ನು ಇಲಿಗಳಲ್ಲಿ ಅಧ್ಯಯನ ಮಾಡುತ್ತ ಬಂದಿದೆ. ರಕ್ತದೊತ್ತಡದ ಎಳೆಯೂ ಪೂರ್ತಿ ಕಡಿದಿಲ್ಲ. ಬಸಿರಿನಲ್ಲಿ ತಾಯಿಯ ರಕ್ತದೊತ್ತಡ ಏರಿದ್ದರೆ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ತೋರಿಸಿತು. ಇದು ನಂಟಷ್ಟೇ, ಕಾರಣ ಅದೇ ಎಂಬುದು ರುಜುವಾಗಿಲ್ಲ, ರಕ್ತದೊತ್ತಡ ಏರಿದ್ದ ತಾಯಂದಿರ ಬಹುಪಾಲು ಮಕ್ಕಳಿಗೆ ಆಟಿಸಂ ಇರುವುದೂ ಇಲ್ಲ.